ಹತ್ತಿಯ ಹೊಲದಿಂದ ಸಭಾಧ್ಯಕ್ಷ ಪೀಠಕ್ಕೆ: ಸ್ಯಾಮ್ ರೇಬರ್ನರ ಜೀವನ

ನಮ್ಮ ಕಾಲೇಜಿನ ಗೆಳೆಯರಲ್ಲಿ ಅನೇಕರು ಬಿ.ಎ. ಮುಗಿಸಿದ ಬಳಿಕ ನ್ಯಾಯಶಾಸ್ತ್ರವನ್ನು ಓದಿ ವಕೀಲರಾಗಬೇಕೆಂಬ ಆಸೆಯುಳ್ಳವರು. ಅವರಲ್ಲಿ ಕೆಲವರಿಗಾದರೂ ಮುಂದೊಂದು ದಿನ ಶಾಸನಸಭೆಯ ಮೆಟ್ಟಿಲು ಹತ್ತಬೇಕೆಂಬ ಹಂಬಲವೂ ಉಂಟು. ವಕೀಲಿ ವೃತ್ತಿಗೂ ರಾಜಕಾರಣಕ್ಕೂ ಇರುವ ನಂಟು ಎಲ್ಲ ದೇಶಗಳಲ್ಲಿಯೂ ಹಳೆಯದೇ. ಕಾನೂನನ್ನು ಬಲ್ಲವನು ಕಾನೂನು ಮಾಡುವ ಸಭೆಗೆ ಹೋಗುವುದು ಸಹಜವೇ ಸರಿ. ಆದರೆ ಒಬ್ಬನೇ ಮನುಷ್ಯನು ಒಂದು ಕೈಯಲ್ಲಿ ಕಕ್ಷಿಗಾರನ ಹಣವನ್ನು ಪಡೆದು ಇನ್ನೊಂದು ಕೈಯನ್ನು ಪ್ರಜೆಗಳ ಪರವಾಗಿ ಎತ್ತಬೇಕಾಗಿ ಬಂದಾಗ, ಅವನು ನಿಜವಾಗಿ ಯಾರ ಪಕ್ಷದವನು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಮೂವತ್ತು ತುಂಬುವ ವಯಸ್ಸಿನಲ್ಲಿಯೇ ಸ್ಪಷ್ಟವಾದ ಉತ್ತರವನ್ನು ಕೊಟ್ಟ ಒಬ್ಬ ವಕೀಲರ ಕಥೆ ಇದು. ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಲು ಅವರು ಎಪ್ಪತ್ತು ದಾಟುವವರೆಗೂ ತಡಮಾಡಿದರು. ಅದನ್ನೂ ಮುಚ್ಚಿಡದೆ ಹೇಳುವುದು ಈ ಲೇಖನದ ಉದ್ದೇಶ. ಅವರೇ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾಮ್ ರೇಬರ್ನರು.

ರೇಬರ್ನರು 1882ನೆಯ ಇಸವಿ ಜನವರಿ 6ರಂದು ಟೆನೆಸಿ ರಾಜ್ಯದ ರೋನ್ ಜಿಲ್ಲೆಯಲ್ಲಿ ಹುಟ್ಟಿದರು. ಹನ್ನೊಂದು ಮಕ್ಕಳಲ್ಲಿ ಅವರು ಎಂಟನೆಯವರು. ತಂದೆ ವಿಲಿಯಂ ರೇಬರ್ನ್ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷದಲ್ಲಿ ಕುದುರೆ ಸವಾರನಾಗಿ ಕಾದಿದವನು. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ದಕ್ಷಿಣವು ಸೋತು ಗುಲಾಮಗಿರಿ ಅಳಿಯಿತು. ಆದರೆ ಸೋಲಿನೊಡನೆ ಬಡತನವೂ ಬಂದಿತು. ಬಿಳಿಯ ಸಣ್ಣ ರೈತರೂ ಬಿಡುಗಡೆ ಹೊಂದಿದ ಕರಿಯ ಜನರೂ ಹತ್ತಿ ಬೆಳೆಯನ್ನೇ ನಂಬಿ, ಸಾಲದಲ್ಲಿಯೇ ಹುಟ್ಟಿ ಸಾಲದಲ್ಲಿಯೇ ಸಾಯುವ ಕಾಲ ಅದು. ಹೊಸ ನೆಲದಲ್ಲಿ ಹೊಸ ಬಾಳನ್ನು ಹುಡುಕಿಕೊಂಡು 1887ರಲ್ಲಿ ಈ ಕುಟುಂಬವು ಟೆಕ್ಸಾಸಿನ ಉತ್ತರ ಭಾಗದ ಫ್ಯಾನಿನ್ ಜಿಲ್ಲೆಗೆ ಬಂದು, ನಲವತ್ತು ಎಕರೆಯ ಒಂದು ಹೊಲದಲ್ಲಿ ನೆಲೆ ನಿಂತಿತು. ಆಗ ಸ್ಯಾಮನಿಗೆ ಐದು ವರ್ಷ.

ಆ ಹೊಲದ ಬದುಕು ಹೇಗಿತ್ತೆಂಬುದನ್ನು ನಮ್ಮ ನಾಡಿನ ಒಣಭೂಮಿಯ ಒಕ್ಕಲುತನವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೆಲ್ಲರೂ ಬೆಳಕು ಹರಿಯುವ ಮೊದಲೇ ಎದ್ದು ಹಾಲು ಕರೆದು, ಕಟ್ಟಿಗೆ ಸೀಳಿ, ಹೊಲಕ್ಕೆ ಹೋಗುತ್ತಿದ್ದರು. ಹತ್ತಿ ಬಿಡಿಸುವ ದಿನಗಳಲ್ಲಿ ಬೆನ್ನು ಬಾಗಿಸಿ, ಚೀಲವನ್ನು ಹಿಂದೆ ಎಳೆದುಕೊಂಡು ಸಾಲಿನಿಂದ ಸಾಲಿಗೆ ಸಾಗುತ್ತಿದ್ದರು. ಆದರೆ ದುಡಿಮೆಗಿಂತ ಹೆಚ್ಚಾಗಿ ಆ ಹುಡುಗನನ್ನು ಕಾಡಿದ್ದು ಏಕಾಂತ. ನೆರೆಮನೆಗಳು ದೂರ, ದಾರಿಗಳೋ ಮಳೆ ಬಂದರೆ ಕೆಸರಿನ ಹೊಂಡ. ಬಿಡುವಿನ ದಿನ ಬೇಲಿಯ ಮೇಲೆ ಕುಳಿತು, ದಾರಿಯಲ್ಲಿ ಯಾರಾದರೂ ಒಬ್ಬ ಮನುಷ್ಯ ಬರಬಾರದೇ ಎಂದು ಕಾಯುತ್ತಿದ್ದುದನ್ನು ಅವರು ಮುಪ್ಪಿನಲ್ಲಿಯೂ ನೆನೆಸಿಕೊಳ್ಳುತ್ತಿದ್ದರು. ಬೇಲಿಯ ಮೇಲೆ ಕುಳಿತ ಆ ಹುಡುಗನನ್ನು ನಾವು ಮರೆಯಬಾರದು. ಮುಂದೆ ಅವರು ಮಾಡಿಸಿದ ಅತ್ಯುತ್ತಮ ಕಾನೂನುಗಳ ಬೀಜವು ಅಲ್ಲಿಯೇ ಇದೆ.

ಮನೆಯಲ್ಲಿದ್ದ ಪುಸ್ತಕಗಳು ಕೆಲವೇ. ಅವುಗಳಲ್ಲಿ ಇತಿಹಾಸ ಪುರುಷರ ಚರಿತ್ರೆಗಳನ್ನು ಸ್ಯಾಮ್ ಮೆಚ್ಚಿ ಓದುತ್ತಿದ್ದನು. ಹನ್ನೆರಡರ ಸುಮಾರಿನಲ್ಲಿ ಅವನ ಜೀವನದ ದಿಕ್ಕನ್ನು ತಿರುಗಿಸಿದ ಒಂದು ಘಟನೆ ನಡೆಯಿತು. ಆ ಭಾಗದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಹೋಗಿದ್ದ ಜೋಸೆಫ್ ವೆಲ್ಡನ್ ಬೈಲಿ ಎಂಬ ವಾಗ್ಮಿಯು ಜಿಲ್ಲಾ ಕೇಂದ್ರವಾದ ಬಾನಮ್ ಪಟ್ಟಣದಲ್ಲಿ ಭಾಷಣ ಮಾಡಲು ಬಂದಿದ್ದನು. ಹುಡುಗನು ಮಳೆಯಲ್ಲಿ ಹಲವು ಮೈಲಿ ಸವಾರಿ ಮಾಡಿ ಅಲ್ಲಿಗೆ ಹೋದನು. ಒದ್ದೆ ಬಟ್ಟೆಯಲ್ಲಿ, ಪೇಟೆಯ ಜನರ ನಡುವೆ ಒಳಗೆ ಹೋಗಲು ನಾಚಿ, ಡೇರೆಯ ಹೊರಗೆ ನಿಂತುಕೊಂಡೇ ಇಡೀ ಭಾಷಣವನ್ನು ಕೇಳಿದನು. ಮನೆಗೆ ಹಿಂದಿರುಗುವಾಗ ಅವನ ಮನಸ್ಸು ನಿಶ್ಚಯವಾಗಿತ್ತು: ವಕೀಲನಾಗಬೇಕು, ಶಾಸನಸಭೆಗೆ ಹೋಗಬೇಕು, ಕಾಂಗ್ರೆಸ್ಸಿಗೆ ಹೋಗಬೇಕು. ಅಂದಿನಿಂದ ಕೊಟ್ಟಿಗೆಯೇ ಅವನ ಭಾಷಣ ಮಂದಿರವಾಯಿತು.

ಹದಿನೆಂಟು ತುಂಬಿದ ಮೇಲೆ, 1900ರಲ್ಲಿ, ಸ್ಯಾಮ್ ಕಾಲೇಜಿಗೆ ಹೊರಟನು. ಹನ್ನೊಂದು ಮಕ್ಕಳ ತಂದೆಗೆ ಮಗನ ಓದಿಗೆ ಕೊಡಲು ಹಣವೆಲ್ಲಿಂದ ಬರಬೇಕು? ಆದರೂ ರೈಲು ಬಂದು ನಿಂತಾಗ ತಂದೆಯು ಮಗನ ಕೈಯಲ್ಲಿ ಇಪ್ಪತ್ತೈದು ಡಾಲರುಗಳನ್ನು ಇಟ್ಟನು. ಅದನ್ನು ಅವನು ಹೇಗೆ ಕೂಡಿಟ್ಟನೆಂಬುದು ಮಗನಿಗೂ ತಿಳಿಯಲಿಲ್ಲ. ಮಾತು ಕಡಿಮೆಯ ಆ ಒಕ್ಕಲಿಗನು ಮನುಷ್ಯನಾಗಿ ಬಾಳಬೇಕೆಂದು ಒಂದೇ ಮಾತು ಹೇಳಿ ಮಗನನ್ನು ಬೀಳ್ಕೊಟ್ಟನಂತೆ.

ಕಾಮರ್ಸ್ ಎಂಬ ಊರಿನಲ್ಲಿದ್ದ ಆ ಕಾಲೇಜು ಉಪಾಧ್ಯಾಯರನ್ನು ತರಬೇತಿಗೊಳಿಸುವ ಸಣ್ಣ ಸಂಸ್ಥೆ. ಅಲ್ಲಿ ಸ್ಯಾಮ್ ತನ್ನ ಖರ್ಚಿಗಾಗಿ ಕಸ ಗುಡಿಸಿದನು, ಒಲೆಗಳಿಗೆ ಬೆಂಕಿ ಹಾಕಿದನು, ತರಗತಿ ಬದಲಾಗುವ ಹೊತ್ತಿಗೆ ಗಂಟೆ ಬಾರಿಸಿದನು. ಗಂಟೆ ಬಾರಿಸುವ ಕೆಲಸಕ್ಕೆ ತಿಂಗಳಿಗೆ ಮೂರು ಡಾಲರು ಸಂಬಳ. ನಡುವೆ ಹಣ ಮುಗಿದು, ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರ ಕೆಲಸ ಮಾಡಿ, ಮತ್ತೆ ಬಂದು ಓದಿ, 1903ರಲ್ಲಿ ಪದವಿ ಪಡೆದನು. ನಮ್ಮ ಕಾಲೇಜಿನ ಗಂಟೆಯನ್ನು ಕೇಳಿದಾಗಲೆಲ್ಲ, ಒಂದು ಕಾಲದಲ್ಲಿ ಗಂಟೆಯ ಹಗ್ಗವನ್ನು ಹಿಡಿದ ಕೈಯೇ ಮುಂದೆ ಅಮೆರಿಕದ ಪ್ರತಿನಿಧಿ ಸಭೆಯ ಸುತ್ತಿಗೆಯನ್ನು ಹಿಡಿಯಿತೆಂಬುದು ನೆನಪಿಗೆ ಬರುತ್ತದೆ.

ಕೆಲವು ಕಾಲ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದ ರೇಬರ್ನರು 1906ರಲ್ಲಿ ಟೆಕ್ಸಾಸ್ ರಾಜ್ಯದ ಶಾಸನಸಭೆಗೆ ಉಮೇದುವಾರರಾಗಿ ನಿಂತರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಹಣವಿಲ್ಲ, ಪ್ರಚಾರಕರಿಲ್ಲ, ಸಣ್ಣ ಕುದುರೆಯೊಂದನ್ನು ಏರಿ ಹೊಲದಿಂದ ಹೊಲಕ್ಕೆ ಹೋಗಿ ರೈತರೊಡನೆ ಮಾತಾಡುವುದೇ ಪ್ರಚಾರ. ರೈತರು ಉಳುವುದನ್ನು ನಿಲ್ಲಿಸಿ ಈ ಹುಡುಗನ ಮಾತನ್ನು ಕೇಳಿದರು. ಅವನ ಅಂಗೈಯ ಗಂಟುಗಳೇ ಅವನಿಗೆ ಶಿಫಾರಸು ಪತ್ರವಾಗಿದ್ದವು. 163 ಮತಗಳ ಅಂತರದಿಂದ ರೇಬರ್ನರು ಗೆದ್ದರು.

1907ರ ಜನವರಿಯಲ್ಲಿ ಅವರು ರಾಜಧಾನಿಯಾದ ಆಸ್ಟಿನ್ನಿಗೆ ಬಂದಾಗ ಅಲ್ಲಿ ದೊಡ್ಡದೊಂದು ಬಿರುಗಾಳಿ ಎದ್ದಿತ್ತು. ಅದರ ನಡುವೆ ನಿಂತಿದ್ದವನು ಬೇರೆ ಯಾರೂ ಅಲ್ಲ, ಅಂದು ಡೇರೆಯಲ್ಲಿ ಮಾತನಾಡಿದ ಬೈಲಿಯೇ. ಅಷ್ಟರಲ್ಲಿ ಬೈಲಿ ಅಮೆರಿಕದ ಸೆನೆಟ್ಟಿನ ಸದಸ್ಯನಾಗಿದ್ದನು. ಟೆಕ್ಸಾಸಿನ ಏಕಸ್ವಾಮ್ಯ ವಿರೋಧಿ ಕಾನೂನನ್ನು ಮುರಿದು ರಾಜ್ಯದಿಂದ ಹೊರಹಾಕಲ್ಪಟ್ಟಿದ್ದ ಒಂದು ಎಣ್ಣೆ ಕಂಪನಿಯು ಮತ್ತೆ ಒಳಬರಲು ಅವನು ನೆರವಾದನೆಂದೂ, ಆ ಕಂಪನಿಯ ಹಣ ಅವನ ಕೈ ಸೇರಿತೆಂದೂ ಆಪಾದನೆ ಬಂದಿತ್ತು. ವಕೀಲನಾಗಿ ಶುಲ್ಕ ಪಡೆಯುವುದು ತನ್ನ ಹಕ್ಕು ಎಂಬುದು ಬೈಲಿಯ ವಾದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬುದು ವಿರೋಧಿಗಳ ಪ್ರಶ್ನೆ. ಶಾಸನಸಭೆಯು ಅವನನ್ನೇ ಮತ್ತೆ ಆರಿಸಿ, ವಿಚಾರಣೆಯನ್ನು ನಡೆಸಿ, ದೋಷಮುಕ್ತನೆಂದು ಬಿಟ್ಟಿತು. ಯುವಕ ರೇಬರ್ನರು ತಮ್ಮ ಬಾಲ್ಯದ ಆದರ್ಶಪುರುಷನನ್ನು ಕೈಬಿಡದೆ ಅವನ ಪಕ್ಷದಲ್ಲಿಯೇ ನಿಂತರು.

ಆದರೆ ಗುರುವಿನ ಪಕ್ಷದಲ್ಲಿ ನಿಂತ ಶಿಷ್ಯನು ಗುರುವಿನ ದಾರಿಯನ್ನು ಹಿಡಿಯಲಿಲ್ಲ. ಅಧಿವೇಶನಗಳ ನಡುವಿನ ಬಿಡುವಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕಾನೂನನ್ನು ಓದಿ 1908ರಲ್ಲಿ ರೇಬರ್ನರು ವಕೀಲರಾದರು. ಬಾನಮ್ಮಿನ ಒಂದು ವಕೀಲ ಸಂಸ್ಥೆಯಲ್ಲಿ ಪಾಲುದಾರರಾಗಿ ಸೇರಿದರು. ಆ ಸಂಸ್ಥೆಯ ಕಕ್ಷಿಗಾರರಲ್ಲಿ ಒಂದು ದೊಡ್ಡ ರೈಲ್ವೆ ಕಂಪನಿಯೂ ಇದ್ದಿತು. ಒಂದು ದಿನ ಹಿರಿಯ ಪಾಲುದಾರರು ರೈಲ್ವೆಯಿಂದ ಬಂದ ಶುಲ್ಕದಲ್ಲಿ ರೇಬರ್ನರ ಪಾಲಿನ ಚೆಕ್ಕನ್ನು ಅವರ ಮುಂದಿಟ್ಟರು. ರೈಲ್ವೆಗಳನ್ನು ಹತೋಟಿಯಲ್ಲಿಡುವ ಮಸೂದೆಗಳಿಗೆ ತಾವು ಶಾಸನಸಭೆಯಲ್ಲಿ ಮತ ಕೊಡಬೇಕಾಗಿರುವಾಗ ರೈಲ್ವೆಯ ಹಣವನ್ನು ಮುಟ್ಟುವುದು ತಮ್ಮಿಂದಾಗದೆಂದು ಹೇಳಿ ರೇಬರ್ನರು ಚೆಕ್ಕನ್ನು ಹಿಂದಿರುಗಿಸಿದರು. ಕಂಪನಿಯು ಕಳುಹಿಸಿದ ಉಚಿತ ಪ್ರಯಾಣದ ಪಾಸನ್ನೂ ಹಿಂದಕ್ಕೆ ಕಳುಹಿಸಿದರು.

ಈ ಸಣ್ಣ ಸಂಗತಿಯ ತೂಕವನ್ನು ಅಳೆಯಬೇಕಾದರೆ ಆ ಕಾಲದ ರೀತಿಯನ್ನು ತಿಳಿದಿರಬೇಕು. ಅಂದಿನ ದಕ್ಷಿಣದಲ್ಲಿ ರೈಲ್ವೆ ಕಂಪನಿಗಳು ಹೆಸರುಳ್ಳ ವಕೀಲರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದುದು ಸಾಮಾನ್ಯ. ಶಾಸಕರು ಪುಕ್ಕಟೆ ಪಾಸಿನಲ್ಲಿ ತಿರುಗುವುದು ಮರ್ಯಾದೆಯ ಗುರುತೇ ಆಗಿತ್ತು. ಆ ಚೆಕ್ಕು ಲಂಚವಲ್ಲ. ಅದನ್ನು ತೆಗೆದುಕೊಂಡಿದ್ದರೆ ಕಾನೂನಿನ ಕಣ್ಣಿಗೆ ತಪ್ಪೂ ಕಾಣುತ್ತಿರಲಿಲ್ಲ. ಬಡತನದಲ್ಲಿ ಬೆಳೆದ, ತಂದೆತಾಯಿಗಳ ಭಾರವಿದ್ದ ಯುವಕನಿಗೆ ಹಣ ಬೇಡವಾಗಿತ್ತೆಂದೂ ಅಲ್ಲ. ಕಾನೂನು ತಡೆಯದಿದ್ದ ಜಾಗದಲ್ಲಿ ತಮಗೆ ತಾವೇ ಒಂದು ಗೆರೆ ಎಳೆದುಕೊಂಡು, ಸಾಯುವವರೆಗೂ ಆ ಗೆರೆಯನ್ನು ದಾಟದೆ ಇದ್ದುದೇ ರೇಬರ್ನರ ಹಿರಿಮೆ.

ಶಾಸನಸಭೆಯಲ್ಲಿ ಅವರ ಮಾತಿಗೆ ಬೆಲೆ ಬಂದಿತು. ಮಾತು ಕೊಟ್ಟರೆ ತಪ್ಪದ ಮನುಷ್ಯನೆಂದು ಎಲ್ಲ ಗುಂಪಿನವರೂ ನಂಬಿದರು. 1911ರಲ್ಲಿ ತುರುಸಿನ ಸ್ಪರ್ಧೆಯ ನಡುವೆ ಅವರು ಆ ಸಭೆಯ ಅಧ್ಯಕ್ಷರಾಗಿ ಆಯ್ಕೆಯಾದರು, ವಯಸ್ಸು ಇಪ್ಪತ್ತೊಂಬತ್ತು. ಅಧಿಕಾರಕ್ಕೆ ಬಂದವರು ಸಾಮಾನ್ಯವಾಗಿ ಅಧಿಕಾರದ ಮಿತಿಯನ್ನು ಮಸಕಾಗಿಯೇ ಇಡಲು ಬಯಸುವರು. ರೇಬರ್ನರು ಇದಕ್ಕೆ ವಿರುದ್ಧವಾಗಿ, ಸಭಾಧ್ಯಕ್ಷನ ಕರ್ತವ್ಯಗಳೇನು, ಹಕ್ಕುಗಳೇನು ಎಂಬುದನ್ನು ಬರಹದಲ್ಲಿ ಗೊತ್ತುಪಡಿಸಲು ಒಂದು ಸಮಿತಿಯನ್ನೇ ನೇಮಿಸಿದರು. ಹೀಗೆ ಗೊತ್ತುಪಡಿಸಿದ ಹಕ್ಕುಗಳನ್ನು ಹಿಂಜರಿಯದೆ ಚಲಾಯಿಸಿದರು.

ಮರುವರ್ಷವೇ ಕಾಂಗ್ರೆಸ್ಸಿನ ಸ್ಥಾನವೊಂದು ತೆರವಾಯಿತು. ಹಲವರು ಸ್ಪರ್ಧಿಸಿದ ಆ ಚುನಾವಣೆಯಲ್ಲಿ ಐನೂರಕ್ಕೂ ಕಡಮೆ ಮತಗಳ ಅಂತರದಿಂದ ಗೆದ್ದ ರೇಬರ್ನರು 1913ರ ಮಾರ್ಚಿಯಲ್ಲಿ ವಾಷಿಂಗ್‌ಟನ್ನಿಗೆ ಹೋದರು. ಅಲ್ಲಿಂದ ಮುಂದೆ ಸಾಯುವವರೆಗೆ, ನಲವತ್ತೆಂಟು ವರ್ಷಗಳಿಗೂ ಮೀರಿ, ಒಂದೇ ಕ್ಷೇತ್ರದ ಜನ ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರು. 1913ರಲ್ಲಿಯೇ ಬೈಲಿಯು ಸೆನೆಟ್ಟನ್ನು ಬಿಟ್ಟು ಹಿಂದಿರುಗಿದನು. ಶಿಷ್ಯನು ರಾಜಧಾನಿಗೆ ಬಂದ ವರ್ಷವೇ ಗುರುವು ರಾಜಧಾನಿಯನ್ನು ಬಿಟ್ಟನು.

ರೇಬರ್ನರು ವಾಷಿಂಗ್‌ಟನ್ನಿನಲ್ಲಿ ಮೊದಲು ಕೈ ಹಾಕಿದ ದೊಡ್ಡ ಕೆಲಸವೂ ರೈಲ್ವೆಗೆ ಸಂಬಂಧಿಸಿದುದೇ. ರೈಲ್ವೆ ಕಂಪನಿಗಳು ಆಸ್ತಿಯ ಬೆಲೆಗೆ ಮೀರಿ ಷೇರುಗಳನ್ನು ಹೊರಡಿಸಿ ಜನರ ಹಣವನ್ನು ನುಂಗುತ್ತಿದ್ದ ಕಾಲ. ಸರಕಾರದ ಅನುಮತಿಯಿಲ್ಲದೆ ಷೇರು ಹೊರಡಿಸಬಾರದೆಂಬ ಅವರ ಮಸೂದೆಯು 1914ರಲ್ಲಿ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಯೂರೋಪಿನ ಯುದ್ಧದ ಗಲಭೆಯಲ್ಲಿ ಸೆನೆಟ್ಟಿನಲ್ಲಿ ಅದು ಬಿದ್ದುಹೋಯಿತು. ಆ ತತ್ತ್ವವು ಕಾನೂನಾದುದು 1920ರಲ್ಲಿ. ಆಮೇಲೆ ಹತ್ತು ಹನ್ನೆರಡು ವರ್ಷ ಅವರ ಡೆಮೊಕ್ರಾಟಿಕ್ ಪಕ್ಷಕ್ಕೆ ಅಧಿಕಾರವಿರಲಿಲ್ಲ. ಆ ಕಾಲದಲ್ಲಿಯೇ, 1927ರಲ್ಲಿ, ಅವರ ಮದುವೆ ನಡೆದು ಕೆಲವೇ ತಿಂಗಳಲ್ಲಿ ಮುರಿದುಹೋಯಿತು. ಆ ವಿಷಯವನ್ನು ಅವರು ಎಂದೂ ಬಾಯಿಗೆ ತರಲಿಲ್ಲ. ಮತ್ತೆ ಮದುವೆಯೂ ಆಗಲಿಲ್ಲ. ಹುಡುಗನಾಗಿದ್ದಾಗಿನ ಏಕಾಂತವು ಅವರನ್ನು ರಾಜಧಾನಿಯಲ್ಲಿಯೂ ಬಿಡಲಿಲ್ಲ.

1929ರ ಆರ್ಥಿಕ ಕುಸಿತದ ಬಳಿಕ ಫ್ರಾಂಕ್ಲಿನ್ ರೂಸ್ವೆಲ್ಟರು ರಾಷ್ಟ್ರಾಧ್ಯಕ್ಷರಾದಾಗ ರೇಬರ್ನರ ಕಾಲ ಬಂದಿತು. ಅಂತರರಾಜ್ಯ ವಾಣಿಜ್ಯ ಸಮಿತಿಯ ಅಧ್ಯಕ್ಷರಾಗಿ ಅವರು 1933ರಲ್ಲಿ ಷೇರು ಮಾರುವವರು ಸತ್ಯವನ್ನು ಹೇಳಿಯೇ ಮಾರಬೇಕೆಂಬ ಕಾನೂನನ್ನೂ, 1934ರಲ್ಲಿ ಷೇರುಪೇಟೆಗಳ ಮೇಲೆ ಹತೋಟಿಯಿಡುವ ಕಾನೂನನ್ನೂ ನಡೆಸಿಕೊಟ್ಟರು. 1935ರಲ್ಲಿ ಅವರು ವಿದ್ಯುತ್ ಕಂಪನಿಗಳನ್ನು ಎದುರು ಹಾಕಿಕೊಂಡರು. ಒಂದು ಕಂಪನಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಎಂದು ಗೋಪುರ ಕಟ್ಟಿ, ತುದಿಯಲ್ಲಿ ಕುಳಿತ ಕೆಲವರು ಇಡೀ ದೇಶದ ವಿದ್ಯುತ್ತನ್ನು ಹಿಡಿದಿದ್ದರು. ಆ ಗೋಪುರಗಳನ್ನು ಕೆಡವುವ ಮಸೂದೆಯ ವಿರುದ್ಧ ಕಾಂಗ್ರೆಸ್ ಸದಸ್ಯರಿಗೆ ತಂತಿಗಳ ಮಳೆಯೇ ಸುರಿಯಿತು. ವಿಚಾರಣೆ ನಡೆದಾಗ, ಅವುಗಳಲ್ಲಿ ಸಾವಿರಾರು ತಂತಿಗಳನ್ನು, ಹೆಸರು ಹಾಕಿದ್ದವರಿಗೆ ತಿಳಿಯದಂತೆಯೇ ಕಂಪನಿಯವರು ಕಳುಹಿಸಿದ್ದರೆಂದು ಬಯಲಾಯಿತು. ಮೊದಲ ಸುತ್ತಿನಲ್ಲಿ ರೇಬರ್ನರು ತಮ್ಮ ಸಭೆಯಲ್ಲಿಯೇ ಸೋತರು. ಕೊನೆಗೆ ಕೆಲವು ರಿಯಾಯಿತಿಗಳನ್ನು ಕೊಟ್ಟು ಅದೇ ವರ್ಷ ಕಾನೂನನ್ನು ಗಳಿಸಿದರು.

ಆದರೆ ಅವರ ಹೃದಯಕ್ಕೆ ಎಲ್ಲಕ್ಕಿಂತ ಹತ್ತಿರವಾಗಿದ್ದುದು 1936ರ ಗ್ರಾಮೀಣ ವಿದ್ಯುತ್ ಕಾನೂನು. ಸೆನೆಟ್ಟಿನಲ್ಲಿ ಜಾರ್ಜ್ ನಾರಿಸರೂ ಪ್ರತಿನಿಧಿ ಸಭೆಯಲ್ಲಿ ರೇಬರ್ನರೂ ಅದನ್ನು ಮಂಡಿಸಿದರು. ಆಗ ಅಮೆರಿಕದ ಪೇಟೆಗಳೆಲ್ಲ ವಿದ್ಯುದ್ದೀಪದಲ್ಲಿ ಬೆಳಗುತ್ತಿದ್ದರೂ, ರೈತರ ಮನೆಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತು ಇದ್ದಿತು. ದೂರದೂರದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲವೆಂದು ಕಂಪನಿಗಳು ಕೈಚೆಲ್ಲಿದ್ದವು. ಬಾವಿಯಿಂದ ನೀರು ಸೇದಿ, ಬಟ್ಟೆಯನ್ನು ಕೈಯಲ್ಲಿ ಉಜ್ಜಿ ಒಗೆದು, ಉರಿಯುವ ಒಲೆಯ ಮೇಲೆ ಇಸ್ತ್ರಿಯ ಕಬ್ಬಿಣವನ್ನು ಕಾಯಿಸಿ, ಸೀಮೆ ಎಣ್ಣೆಯ ಬೆಳಕಿನಲ್ಲಿ ಹೊಲಿಗೆ ಮಾಡಿ ಮುದುಕಿಯಾದ ತಮ್ಮ ತಾಯಿಯನ್ನು ರೇಬರ್ನರು ಕಂಡಿದ್ದರು. ಹೊಸ ಕಾನೂನಿನಂತೆ ರೈತರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು, ಸರಕಾರದಿಂದ ಕಡಮೆ ಬಡ್ಡಿಯ ಸಾಲ ಪಡೆದು, ತಾವೇ ಕಂಬ ನೆಟ್ಟು ತಂತಿ ಎಳೆಸಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೈತರ ಮನೆಗಳಲ್ಲಿ ದೀಪ ಹತ್ತಿತು. ಹಳ್ಳಿಯ ಹೊಲಗಳಿಂದ ಪೇಟೆಗೆ ರಸ್ತೆಗಳನ್ನು ಮಾಡಿಸುವುದಕ್ಕೂ ಅವರು ಅಷ್ಟೇ ಶ್ರಮಿಸಿದರು. ಬೇಲಿಯ ಮೇಲೆ ಕುಳಿತು ದಾರಿ ಕಾದ ಹುಡುಗನು ಆ ದಾರಿಯನ್ನು ಮರೆತಿರಲಿಲ್ಲ.

1940ರ ಸೆಪ್ಟೆಂಬರಿನಲ್ಲಿ ರೇಬರ್ನರು ಪ್ರತಿನಿಧಿ ಸಭೆಯ ಅಧ್ಯಕ್ಷರಾದರು. ನಡುವೆ ಎರಡು ಬಾರಿ ಪಕ್ಷವು ಬಹುಮತ ಕಳೆದುಕೊಂಡುದನ್ನು ಬಿಟ್ಟರೆ, ಒಟ್ಟು ಹದಿನೇಳು ವರ್ಷಗಳ ಕಾಲ ಆ ಪೀಠದಲ್ಲಿದ್ದರು; ಅಷ್ಟು ಕಾಲ ಅಲ್ಲಿ ಕುಳಿತವರು ಇಂದಿಗೂ ಇನ್ನೊಬ್ಬರಿಲ್ಲ. 1941ರ ಆಗಸ್ಟ್ 12ರಂದು ಕಡ್ಡಾಯ ಸೈನ್ಯ ಸೇವೆಯ ಅವಧಿಯನ್ನು ಮುಂದುವರಿಸುವ ಮಸೂದೆಯು 203ಕ್ಕೆ 202 ಮತಗಳಿಂದ, ಒಂದೇ ಒಂದು ಮತದಿಂದ ಗೆದ್ದಿತು. ಮರುಪರಿಶೀಲನೆಗೆ ಅವಕಾಶ ಕೊಡದೆ ರೇಬರ್ನರು ಸುತ್ತಿಗೆಯನ್ನು ಬಡಿದರು. ನಾಲ್ಕು ತಿಂಗಳೊಳಗೆ ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿದಾಗ, ಆ ಒಂದು ಮತದ ಬೆಲೆ ಏನೆಂಬುದು ಜನರಿಗೆ ತಿಳಿಯಿತು. 1945ರ ಏಪ್ರಿಲ್ 12ರಂದು ರೂಸ್ವೆಲ್ಟರು ತೀರಿಕೊಂಡ ಸಂಜೆ, ಉಪಾಧ್ಯಕ್ಷ ಟ್ರೂಮನ್ನರಿಗೆ ಶ್ವೇತಭವನದ ಕರೆ ಬಂದುದು ಅವರು ರೇಬರ್ನರ ಖಾಸಗಿ ಕೋಣೆಗೆ ಬಂದಿದ್ದಾಗಲೇ. ಮುಂದೆ ರಾಷ್ಟ್ರಾಧ್ಯಕ್ಷರಾದ ಲಿಂಡನ್ ಜಾನ್ಸನ್ನರು ಅವರ ಗರಡಿಯಲ್ಲಿಯೇ ಪಳಗಿದವರು. ಜಾನ್ಸನ್ನರ ತಂದೆಯು ಟೆಕ್ಸಾಸ್ ಶಾಸನಸಭೆಯಲ್ಲಿ ರೇಬರ್ನರ ಜೊತೆಗಾರರಾಗಿದ್ದರು.

ನಮ್ಮ ದೇಶದ ಚರಿತ್ರೆಯೂ ಅವರ ಪೀಠದ ಮುಂದೆ ಹಾದುಹೋಗಿದೆ. 1949ರ ಅಕ್ಟೋಬರಿನಲ್ಲಿ ಪಂಡಿತ ನೆಹರೂ ಅವರು ಪ್ರತಿನಿಧಿ ಸಭೆಯಲ್ಲಿ ಭಾಷಣ ಮಾಡಿದಾಗಲೂ, 1951ರಲ್ಲಿ ಭಾರತಕ್ಕೆ 19 ಕೋಟಿ ಡಾಲರುಗಳ ಧಾನ್ಯ ಸಾಲವನ್ನು ಕೊಡುವ ಕಾನೂನು ಆದಾಗಲೂ ಸಭಾಧ್ಯಕ್ಷರಾಗಿದ್ದವರು ರೇಬರ್ನರೇ. ಪಂಜಾಬಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ರೈತರಾಗಿದ್ದ ದಲೀಪ್ ಸಿಂಗ್ ಸೌಂದರು ಅಮೆರಿಕದ ಕಾಂಗ್ರೆಸ್ಸಿನ ಮೊದಲ ಭಾರತೀಯ ಮೂಲದ ಸದಸ್ಯರಾಗಿ 1957ರಲ್ಲಿ ಸಭೆಗೆ ಬಂದುದೂ ಅವರ ಅಧ್ಯಕ್ಷತೆಯ ಕಾಲದಲ್ಲಿಯೇ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಚರಿತ್ರೆ ಸುಂದರವಾಗಿ ಮುಗಿಯುತ್ತದೆ, ಆದರೆ ಪೂರ್ಣವಾಗುವುದಿಲ್ಲ. ರೇಬರ್ನರು ಪ್ರತಿನಿಧಿಸಿದ ದಕ್ಷಿಣದಲ್ಲಿ ಕರಿಯ ಜನರು ಹೆಸರಿಗೆ ಮಾತ್ರ ಸ್ವತಂತ್ರರು. ಶಾಲೆ ಬೇರೆ, ರೈಲು ಡಬ್ಬಿ ಬೇರೆ, ಕುಡಿಯುವ ನೀರು ಬೇರೆ. ಟೆಕ್ಸಾಸಿನಲ್ಲಿ 1902ರಿಂದ ಮತ ಹಾಕಲು ತೆರಿಗೆ ಕೊಡಬೇಕಾಗಿದ್ದಿತು. ಸುಪ್ರೀಂ ಕೋರ್ಟು 1944ರಲ್ಲಿ ತಡೆಯುವವರೆಗೂ ಡೆಮೊಕ್ರಾಟಿಕ್ ಪಕ್ಷವು ಉಮೇದುವಾರರನ್ನು ಆರಿಸುವ ಮತದಾನದಲ್ಲಿ ಅವರಿಗೆ ಪ್ರವೇಶವೇ ಇರಲಿಲ್ಲ. ಅಸ್ಪೃಶ್ಯತೆಯನ್ನು ಕಂಡ ನಾಡಿನವರಾದ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1930ರ ಮೇ ತಿಂಗಳಲ್ಲಿ, ಬಾನಮ್ಮಿನಿಂದ ಮೂವತ್ತು ಮೈಲಿಯೊಳಗಿನ, ರೇಬರ್ನರ ಕ್ಷೇತ್ರಕ್ಕೇ ಸೇರಿದ ಶರ್ಮನ್ ಪಟ್ಟಣದಲ್ಲಿ, ಒಬ್ಬ ಕರಿಯ ಆಪಾದಿತನ ವಿಚಾರಣೆ ನಡೆಯುತ್ತಿದ್ದಾಗ ಉದ್ರಿಕ್ತ ಗುಂಪು ನ್ಯಾಯಾಲಯಕ್ಕೇ ಬೆಂಕಿಯಿಟ್ಟಿತು. ಒಳಗೆ ಕೂಡಿಹಾಕಿದ್ದ ಆಪಾದಿತನು ಸತ್ತನು. ಗುಂಪು ಅವನ ಹೆಣವನ್ನೂ ಬಿಡಲಿಲ್ಲ. ಇಂಥ ಗುಂಪುಹತ್ಯೆಗಳನ್ನು ತಡೆಯುವ ಮಸೂದೆಯು 1937ರಲ್ಲಿ ಪ್ರತಿನಿಧಿ ಸಭೆಗೆ ಬಂದಾಗ ಟೆಕ್ಸಾಸಿನವರೇ ಆದ ಮೋರಿ ಮಾವೆರಿಕ್ ಅದನ್ನು ಬೆಂಬಲಿಸಿದರು. ರೇಬರ್ನರು ಬೆಂಬಲಿಸಲಿಲ್ಲ.

ರೈಲ್ವೆಯ ಚೆಕ್ಕನ್ನು ಹಿಂದಿರುಗಿಸಿದ ಕೈ ಇಲ್ಲಿ ಏಕೆ ಮೇಲೇಳಲಿಲ್ಲ? ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಣದ ಆಸೆಯನ್ನು ಗೆಲ್ಲುವವನು ತನ್ನ ಜೇಬಿಗೆ ಮಾತ್ರ ಎದುರು ನಿಲ್ಲುತ್ತಾನೆ. ಅವನ ಜನ ಅವನನ್ನು ಮೆಚ್ಚುತ್ತಾರೆ. ಆದರೆ ತನ್ನ ಜನರೇ ತಪ್ಪು ಮಾಡುತ್ತಿರುವಾಗ ಎದುರು ನಿಲ್ಲುವವನು ಅವರ ಮೆಚ್ಚುಗೆಯನ್ನೇ ಪಣಕ್ಕಿಡಬೇಕಾಗುತ್ತದೆ. ರೇಬರ್ನರನ್ನು ಯಾವ ಕಂಪನಿಯೂ ಕೊಳ್ಳಲಾಗಲಿಲ್ಲ. ಆದರೆ ತಾವು ಪ್ರೀತಿಸಿದ ರೈತರ ಮತವು ಅವರನ್ನು ಬಹುಕಾಲ ಕಟ್ಟಿಹಾಕಿತು. ಕರಿಯ ರೈತರೂ ಅದೇ ಹತ್ತಿಯನ್ನು ಬಿಡಿಸುತ್ತಿದ್ದರು. ಆದರೆ ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಮತವಿರಲಿಲ್ಲ.

ಆ ಕಟ್ಟು ಸಡಿಲಗೊಂಡುದು ಮುಪ್ಪಿನಲ್ಲಿ. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಾಗ, ಅದನ್ನು ಖಂಡಿಸಿ 1956ರಲ್ಲಿ ದಕ್ಷಿಣದ 101 ಕಾಂಗ್ರೆಸ್ ಸದಸ್ಯರು ಒಂದು ಘೋಷಣೆಗೆ ಸಹಿ ಹಾಕಿದರು. ಎಪ್ಪತ್ತನಾಲ್ಕು ವರ್ಷದ ರೇಬರ್ನರ ಸಹಿ ಅದರಲ್ಲಿ ಇರಲಿಲ್ಲ. 1957ರಲ್ಲಿ ಕರಿಯರ ಮತದ ಹಕ್ಕನ್ನು ಕಾಪಾಡುವ ನಾಗರಿಕ ಹಕ್ಕುಗಳ ಕಾನೂನು ಅವರ ಅಧ್ಯಕ್ಷತೆಯಲ್ಲಿ ಅಂಗೀಕಾರವಾಯಿತು. 1875ರ ಬಳಿಕ, ಎಂಬತ್ತೆರಡು ವರ್ಷಗಳಲ್ಲಿ, ಅಂಥ ಕಾನೂನು ಅದೇ ಮೊದಲನೆಯದು. 1960ರಲ್ಲಿ ಎರಡನೆಯದೂ ಬಂದಿತು. ಕೊನೆಯ ವರ್ಷ, 1961ರ ಜನವರಿ 31ರಂದು, ಅಂಥ ಮಸೂದೆಗಳು ಸಭೆಯ ಮುಂದೆ ಬರದಂತೆ ತಡೆದಿಡುತ್ತಿದ್ದ ನಿಯಮ ಸಮಿತಿಯ ಸದಸ್ಯರ ಸಂಖ್ಯೆಯನ್ನು ಹನ್ನೆರಡರಿಂದ ಹದಿನೈದಕ್ಕೆ ಏರಿಸಿ, 217ಕ್ಕೆ 212 ಮತಗಳಿಂದ ಅದರ ಬಿಗಿಯನ್ನು ಮುರಿದರು. ಎದುರಾಳಿಗಳಲ್ಲಿ ಬಹು ಮಂದಿ ಅವರ ಪಕ್ಷದ ದಕ್ಷಿಣದವರೇ. 1957ರ ಕಾನೂನು ದುರ್ಬಲವಾಗಿದ್ದಿತು, ನಿಜ. ಬಲವಾದ ಕಾನೂನುಗಳು ಬಂದುದು 1964, 1965ರಲ್ಲಿ, ಅವರ ಶಿಷ್ಯ ಜಾನ್ಸನ್ನರ ಕಾಲದಲ್ಲಿ. ಆದರೆ ಬಹುಕಾಲ ಮುಚ್ಚಿದ್ದ ಬಾಗಿಲಿನ ಚಿಲಕವನ್ನು ತೆಗೆದವರಲ್ಲಿ ಈ ಮುದುಕರೂ ಒಬ್ಬರು.

ಅದೇ ವರ್ಷ ಬೆನ್ನುನೋವೆಂದು ಆರಂಭವಾದುದು ಮೇದೋಜೀರಕಾಂಗದ ಕ್ಯಾನ್ಸರ್ ಎಂದು ತಿಳಿದುಬಂದಿತು. ರಾಜಧಾನಿಯಲ್ಲಿ ಸಾಯಲೊಲ್ಲದೆ ರೇಬರ್ನರು ಬಾನಮ್ಮಿಗೆ ಹಿಂದಿರುಗಿ, 1961ರ ನವೆಂಬರ್ 16ರಂದು ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಣ್ಣ ಊರಿನ ಅಂತ್ಯಕ್ರಿಯೆಗೆ ರಾಷ್ಟ್ರಾಧ್ಯಕ್ಷ ಕೆನೆಡಿ, ಮಾಜಿ ಅಧ್ಯಕ್ಷರಾದ ಟ್ರೂಮನ್ ಮತ್ತು ಐಸೆನ್‌ಹೋವರ್, ಉಪಾಧ್ಯಕ್ಷ ಜಾನ್ಸನ್ ಬಂದಿದ್ದರು. ಸುಮಾರು ಅರ್ಧ ಶತಮಾನ ಅಧಿಕಾರದ ನಡುವೆ ಬಾಳಿದ ಈ ವಕೀಲರು ಉಳಿಸಿದ ಹಣವು ಕೇವಲ 15,000 ಡಾಲರು. ಉಳಿದುದು ಮನೆತನದ ಹೊಲಮನೆ. 1949ರಲ್ಲಿ ಬಹುಮಾನವಾಗಿ ಬಂದ 10,000 ಡಾಲರುಗಳನ್ನು ಬಾನಮ್ಮಿನಲ್ಲಿ ಒಂದು ಪುಸ್ತಕ ಭಂಡಾರಕ್ಕೆ ಮೂಲಧನವಾಗಿ ಕೊಟ್ಟಿದ್ದರು. 1957ರಲ್ಲಿ ತೆರೆದ ಆ ಭಂಡಾರವು ಅವರ ಹೆಸರಿನಲ್ಲಿ ನಿಂತಿದೆ.

ಮಿತ್ರರೇ, ರೇಬರ್ನರ ಜೀವನದಿಂದ ನಾವು ಕಲಿಯಬೇಕಾದುದು ಎರಡು. ಕಾನೂನು ತಡೆಯದ ಜಾಗದಲ್ಲಿಯೂ ನಮಗೆ ನಾವೇ ಗೆರೆ ಎಳೆದುಕೊಳ್ಳಬೇಕೆಂಬುದು ಒಂದು. ಇದನ್ನು ಅವರ ಯೌವನ ಕಲಿಸುತ್ತದೆ. ನಮ್ಮವರೆಂದು ಪ್ರೀತಿಸುವ ಜನರ ತಪ್ಪನ್ನು ಅವರ ಎದುರೇ ತಪ್ಪೆನ್ನಬೇಕೆಂಬುದು ಎರಡನೆಯದು. ಇದನ್ನು ಅವರ ವೃದ್ಧಾಪ್ಯ ಕಲಿಸುತ್ತದೆ. ಮೊದಲನೆಯ ಪಾಠಕ್ಕೆ ಅವರು ಮೂವತ್ತು ವರ್ಷ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಎಪ್ಪತ್ತು ಸಾಲಲಿಲ್ಲ. ನಮ್ಮಲ್ಲಿ ನಾಳೆ ಕರಿಯ ಕೋಟು ತೊಡುವವರಿದ್ದಾರೆ, ಶಾಸನಸಭೆಗೆ ಹೋಗುವವರೂ ಇರಬಹುದು. ಅವರು ಎರಡು ಪಾಠಗಳನ್ನೂ ಈ ಕಾಲೇಜಿನ ಗಂಟೆ ಕೇಳಿಸುತ್ತಿರುವಾಗಲೇ ಕಲಿತರೆ, ಮುಪ್ಪಿನವರೆಗೆ ಕಾಯಬೇಕಾದ ಅವಶ್ಯಕತೆ ಇರಲಾರದು.